ಅಮಾವಾಸ್ಯೆಗೆ ಬರುವ ಅಮಾತೆಪ್ಪ

ಬೆಳಗಿನ ಆರೂಕಾಲು ಗಂಟೆ. ಇಳಕಲ್ಲಿನ ನೇಕಾರರ ಓಣಿಯಲ್ಲಿ ಇವತ್ತು ಮಗ್ಗದ ಸಪ್ಪಳವಿಲ್ಲ. ಅಮಾವಾಸ್ಯೆಯೆಂದರೆ ಇಲ್ಲಿ ಮಗ್ಗಕ್ಕೆ ರಜೆ, ಪೂಜೆ. ಮನೆಮನೆಯಲ್ಲೂ ಹೆಂಗಸರು ಸೆರಗು ಸಿಕ್ಕಿಸಿಕೊಂಡು ನೇಯುವಾಗ ಕಾಲಿಳಿಬಿಡುವ ಗುಂಡಿಗೆ, ಮಗ್ಗದ ಕುಣಿಗೆ, ಇಳಿದು ಒಂದು ತಿಂಗಳ ದೂಳು, ನೂಲಿನ ಚೂರುಗಳನ್ನು ಗುಡಿಸುತ್ತಿದ್ದಾರೆ. ಓಣಿಯ ನಡುವಿನ ಕಲ್ಲುಕಟ್ಟೆಯ ಮೇಲೆ ಅರವತ್ತೆರಡು ವರ್ಷದ ಒಬ್ಬರು ಚಕ್ಕಳಮಕ್ಕಳ ಹಾಕಿ ಕೂತು ಹಿಟ್ಟಿನ ಡಬ್ಬಿಯೊಂದನ್ನು ಬೋರಲು ಹಾಕಿ ತಟ್ಟುತ್ತಿದ್ದಾರೆ. ಅದರಿಂದ ಹಿಟ್ಟು ಬೀಳುವುದಿಲ್ಲ. ಎರಡು ಪಾಸ್‌ಬುಕ್ಕು, ಮಡಚಿ ಮಡಚಿ ಹರಿದ ಮನೆ ತೆರಿಗೆ ರಸೀದಿ, ಯಾವುದೋ ಬಾಂಡು, ಕೊನೆಗೆ ಒಂದು ಲಗ್ನಪತ್ರಿಕೆ ಬೀಳುತ್ತವೆ.

"ಲಗ್ನಪತ್ರಿಕಿ ಯಾಕವಾ ಇದರಾಗ?"

"ಅದರ ಹಿಂದ ಒಂದು ನಂಬರ್ ಬರದೈತ್ರಿ," ಎನ್ನುತ್ತಾಳೆ ಡಬ್ಬಿಯ ಒಡತಿ ಸುನಿತಾ. ಇದೇ ಓಣಿಯ ನೇಕಾರಳು.

"ಯಾವ ನಂಬರ್?"

"ಅದ ಗೊತ್ತಿಲ್ರಿ. ಆದ್ರ ನಮ್ಮ ಮನಿಯವರು ಭಾಳ ಮಹತ್ವದ್ದು, ಒಗೀಬ್ಯಾಡ ಅಂದಾರ."

ಅಮಾತೆಪ್ಪ ನಗುವುದಿಲ್ಲ. ಕನ್ನಡಕವನ್ನು ಹಣೆಗೇರಿಸಿ ಆ ನಂಬರನ್ನು ತಮ್ಮ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಅರ್ಧ ತಾಸು ಡಬ್ಬಿಯ ಕಾಗದಗಳೊಡನೆ ತಾಳೆ ನೋಡಿದ ಬಳಿಕ ಗೊತ್ತಾಗುತ್ತದೆ, ಅದು ಸುನಿತಾಳ ಅತ್ತೆಯ ಹೆಸರಿನಲ್ಲಿ ಹನ್ನೊಂದು ವರ್ಷದಿಂದ ಯಾರೂ ಮುಟ್ಟದ ಒಂದು ಠೇವಣಿಯ ನಂಬರು. ಸುನಿತಾ ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತುಬಿಡುತ್ತಾಳೆ.

ಅಮಾತೆಪ್ಪ ಹುನಗುಂದದಲ್ಲಿ ತೆರಿಗೆ ಸಲಹೆಗಾರರು. ತಿಂಗಳ ಉಳಿದ ದಿನಗಳಲ್ಲಿ ಕಿರಾಣಿ ಅಂಗಡಿ, ಗ್ರಾನೈಟ್ ವ್ಯಾಪಾರಿ, ಗೊಬ್ಬರದ ಅಂಗಡಿಗಳ ರಿಟರ್ನ್ ತುಂಬಿ ಫೀ ತೆಗೆದುಕೊಳ್ಳುತ್ತಾರೆ. ಫೀ ವಿಷಯದಲ್ಲಿ ದಾಕ್ಷಿಣ್ಯದ ಮನುಷ್ಯರೇನಲ್ಲ ಎಂದು, ಪತ್ರಿಕೆಗೆ ಬರೆಯಲು ಹೊರಟ ನನ್ನನ್ನು ಅವರ ಗಿರಾಕಿಗಳೇ ಎಚ್ಚರಿಸಿದ್ದರು. ಅಮಾವಾಸ್ಯೆಯಂದು ಮಾತ್ರ ಆಫೀಸಿಗೆ ಬೀಗ. ಐದೂವರೆಗೇ ಮೊಪೆಡ್ ಏರಿ ಇಳಕಲ್ಲಿಗೆ ಬಂದು ಈ ಕಟ್ಟೆಯ ಮೇಲೆ ಕೂತರೆ ಸಂಜೆಯವರೆಗೆ ಏಳುವುದಿಲ್ಲ. ಯಾರ ಮನೆಯಲ್ಲಿ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ, ಮಗಳ ಓದಿಗೆ ಯಾವಾಗ ಎಷ್ಟು ಬೇಕು, ಕೈ ನಡುಗುವ ವಯಸ್ಸಿಗೆ ಏನು ಗತಿ, ಎಲ್ಲವನ್ನೂ ಕೂತು ಕೇಳಿ ಒಂದು ಹಾದಿ ಬರೆದುಕೊಡುತ್ತಾರೆ. ಒಂದು ಪೈಸೆಯನ್ನೂ ಮುಟ್ಟುವುದಿಲ್ಲ.

ಇಷ್ಟು ಬೇಗ ಏಕೆ ಬರಬೇಕು ಎಂದು ನಾನು ಆಕಳಿಸುತ್ತಲೇ ಕೇಳಿದೆ. ಅವರ ಬಳಿ ಉತ್ತರ ಸಿದ್ಧವಿತ್ತು.

"ನಾ ಯಾರನ್ನೂ 'ನಿಮ್ಮ ಗಳಿಕಿ ಎಷ್ಟು' ಅಂತ ಮೊದಲ ಕೇಳೂದಿಲ್ರಿ. 'ಮನ್ಯಾಗ ಕಾಗದಾ ಎಲ್ಲಿ ಇಡ್ತೀರಿ' ಅಂತ ಕೇಳ್ತೇನಿ. ಮಂದಿ ಕಾಗದಾ ಎಲ್ಲಿ ಇಡ್ತಾರ? ಹಿಟ್ಟಿನ ಡಬ್ಬ್ಯಾಗ, ಜಗಲಿ ಮ್ಯಾಲ ದೇವರ ಹಿಂದ, ಮಗ್ಗದ ಕುಣಿಯೊಳಗಿನ ಗೂಡಿನ್ಯಾಗ. ಅಮಾವಾಸ್ಯಿ ಮುಂಜಾನಿ ಎಲ್ಲಾ ಹೊರಗ ಬರ್ತಾವು. ಪೂಜಿ ಆದ ಮ್ಯಾಲ ಮತ್ತ ಒಳಗ ಹೋಗ್ತಾವು. ನಾ ಅಷ್ಟರಾಗ ಹಿಡೀಬೇಕು."

ಕುಣಿಯ ಗೂಡಿನಲ್ಲಿಟ್ಟ ಕಾಗದ ಮಳೆಗಾಲದಲ್ಲಿ ತೇವ ಹಿಡಿದು ಹಪ್ಪಳವಾಗಿರುತ್ತದೆ. ಅಮಾತೆಪ್ಪನವರ ಚೀಲದಲ್ಲಿ ಕ್ಯಾಲ್ಕುಲೇಟರಿಗಿಂತ ಮೊದಲು ಕೈಗೆ ಸಿಗುವುದು ಪ್ಲಾಸ್ಟಿಕ್ ಕವರುಗಳ ಕಟ್ಟು.

ಈ ಕಟ್ಟೆ ಕಚೇರಿಯ ಹಿಂದೆ ಒಂದು ಸಂಘವಿದೆ. ಬಾಗಲಕೋಟೆ ಜಿಲ್ಲೆಯ ಲೆಕ್ಕಪತ್ರ, ತೆರಿಗೆ ಸಲಹೆಯ ವೃತ್ತಿಯವರು ನಾಲ್ಕು ವರ್ಷದ ಕೆಳಗೆ ಸಭೆ ಸೇರಿ ಒಂದು ಠರಾವು ಮಾಡಿದರು: ಪ್ರತಿ ಸದಸ್ಯರೂ ತಿಂಗಳಿಗೊಂದು ದಿನ, ಸಲಹೆ ಕೊಳ್ಳಲು ಶಕ್ತಿಯಿಲ್ಲದವರಿಗೆ ಪುಕ್ಕಟೆಯಾಗಿ ಹಣಕಾಸಿನ ದಾರಿ ಹೇಳಿಕೊಡಬೇಕು. ನಿಯಮ ಮೂರೇ. ಏನನ್ನೂ ಮಾರಬಾರದು, ರೊಕ್ಕ ಮುಟ್ಟಬಾರದು, ಕರೆಯದ ಮನೆಗೆ ಹೋಗಬಾರದು. ಠರಾವು ಮಾಡುವುದರಲ್ಲಿ ನಮ್ಮ ಸಂಘಗಳು ಎಂದೂ ಹಿಂದೆ ಬಿದ್ದಿಲ್ಲ. ಆದ್ದರಿಂದ ನಾನು ಅಧ್ಯಕ್ಷೆ ಮಹೇಶ್ವರಿಯವರನ್ನು ಸ್ವಲ್ಪ ಕೊಂಕಿನಿಂದಲೇ ಮಾತಾಡಿಸಿದೆ. ನವನಗರದಲ್ಲಿ ದೊಡ್ಡ ಆಫೀಸು ನಡೆಸುವ ಲೆಕ್ಕಪರಿಶೋಧಕಿ ಆಕೆ. ನನಗಿಂತ ಹೆಚ್ಚು ಕೊಂಕು ಅವರಲ್ಲೇ ಇತ್ತು.

"ಅರವತ್ನಾಲ್ಕು ಮಂದಿ ಮೆಂಬರ್ಸ್ ಅದೇವ್ರಿ. ಮೊದಲನೇ ತಿಂಗಳ ನಲವತ್ತು ಮಂದಿ ಬಂದ್ರು. ಎರಡನೇ ತಿಂಗಳ ಫೋಟೋಗ್ರಾಫರ್ ಬರಲಿಲ್ಲ, ಅವರೂ ಬರಲಿಲ್ಲ. ಈಗ ಹನ್ನೊಂದು ಮಂದಿ ಉಳದೇವಿ. ಆದ್ರ ಹನ್ನೊಂದೂ ಗಟ್ಟಿ ಕಾಳು ನೋಡ್ರಿ."

ಉಳಿದ ಹನ್ನೊಂದು ಮಂದಿಯಲ್ಲಿ ಜಲಾಲುದ್ದೀನ ಎಂಬವರು ಬಾದಾಮಿಯಲ್ಲಿ, ಪ್ರವಾಸಿಗರು ಕಡಿಮೆಯಾಗುವ ಬಿರುಬೇಸಿಗೆಯಲ್ಲಿ, ಗೈಡುಗಳ ಜೊತೆ ಕೂರುತ್ತಾರೆ. ಆರು ತಿಂಗಳ ಗಳಿಕೆಯಲ್ಲಿ ಹನ್ನೆರಡು ತಿಂಗಳು ಉಣ್ಣುವುದು ಹೇಗೆಂಬ ಲೆಕ್ಕ ಅಲ್ಲಿಯದು. ಇಳಕಲ್ಲಿನ ಭಾರ ಅಮಾತೆಪ್ಪನವರಿಗೆ ಬಂತು.

ಸಂಘದವರು ಗೊತ್ತುಮಾಡಿದ್ದ ದಿನ ಎರಡನೇ ಶನಿವಾರ. ಬ್ಯಾಂಕಿಗೆ ರಜೆ, ಆಫೀಸಿನವರಿಗೆ ಬಿಡುವು, ಆದ್ದರಿಂದ ಎಲ್ಲರಿಗೂ ಬಿಡುವು ಎಂದುಕೊಂಡರು. ಅಮಾತೆಪ್ಪ ಸಮುದಾಯ ಭವನದಲ್ಲಿ ಬ್ಯಾನರ್ ಕಟ್ಟಿಸಿ ಮೂರು ಶನಿವಾರ ಒಬ್ಬರೇ ಕೂತರು. ಒಂದು ಸಲ ನಾಯಿಯೊಂದು ಬಂದು ಬ್ಯಾನರಿನ ನೆರಳಲ್ಲಿ ಮಲಗಿತ್ತಂತೆ. ಶನಿವಾರ ಮಗ್ಗ ಬಿಟ್ಟು ಬಂದರೆ ಆ ದಿನದ ಕೂಲಿ ಹೋಯಿತು. ರೊಕ್ಕ ಉಳಿಸುವ ದಾರಿ ಕೇಳಲು ರೊಕ್ಕ ಕಳೆದುಕೊಂಡು ಯಾರು ಬರುತ್ತಾರೆ? ನಾಲ್ಕನೇ ತಿಂಗಳು ಅವರು ಬ್ಯಾನರ್ ಮಡಚಿಟ್ಟು ಅಮಾವಾಸ್ಯೆಗೆ ಬಂದರು. ಅಂದಿನಿಂದ ನಲವತ್ತಾರು ಅಮಾವಾಸ್ಯೆಗಳಾಗಿವೆ. ತಪ್ಪಿಸಿದ್ದು ಎರಡು. ಒಂದು ಮಗಳ ಹೆರಿಗೆಗೆ, ಇನ್ನೊಂದು ಡೆಂಗೆ ಜ್ವರಕ್ಕೆ. ಮುನ್ನೂರ ಹನ್ನೆರಡು ಮನೆಗಳ ಲೆಕ್ಕ ಅವರ ಆರು ನೋಟ್‌ಬುಕ್ಕುಗಳಲ್ಲಿದೆ. ಮರೆತುಹೋಗಿದ್ದ ಇಪ್ಪತ್ತೇಳು ಖಾತೆಗಳನ್ನು ಹುಡುಕಿ ತೆಗೆದಿದ್ದಾರೆ. ಇವತ್ತಿನ ಲಗ್ನಪತ್ರಿಕೆ ಸೇರಿದರೆ ಇಪ್ಪತ್ತೆಂಟು. ಪೆಟ್ರೋಲು, ಝೆರಾಕ್ಸು, ಪ್ಲಾಸ್ಟಿಕ್ ಕವರು, ಎಲ್ಲಾ ಅವರದೇ ಖರ್ಚು.

"ತಿಂಗಳಿಗೆ ಒಂದ ದಿವಸ ಬಿಡ್ರಿ, ಉಳದ ಇಪ್ಪತ್ತೊಂಬತ್ತು ದಿವಸನೂ ಮನ್ಯಾಗ ಇಳಕಲ್ಲಿನದ ಸುದ್ದಿ," ಎಂದು ಹೆಂಡತಿ ಗುರುಲಿಂಗವ್ವ ಹಿಂದಿನ ದಿನವೇ ನನಗೆ ದೂರು ಕೊಟ್ಟಿದ್ದರು. "ಯಾರದೋ ಮಗಳ ಕಾಲೇಜ್ ಫೀ ಇವರಿಗೆ ನೆಪ್ಪಿರತೈತಿ. ನಮ್ಮ ಮನಿ ಗ್ಯಾಸ್ ಬುಕ್ ಮಾಡೂದು ನೆಪ್ಪಿರೂದಿಲ್ಲ." ಹಾಗೆಂದವರೇ ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿಯನ್ನು ಮೂವರಿಗಾಗುವಷ್ಟು ಕಟ್ಟಿದ್ದರು. ಕಟ್ಟೆಯ ಮೇಲೆ ಜೊತೆಗೆ ಯಾರಾದರೂ ಉಣ್ಣುತ್ತಾರೆಂದು ಅವರಿಗೆ ಗೊತ್ತು.

ಇಷ್ಟೇ ಆಗಿದ್ದರೆ ಅಮಾತೆಪ್ಪ ಒಬ್ಬ ಒಳ್ಳೆಯ ಮನುಷ್ಯ ಎಂದು ಬರೆದು ಮುಗಿಸಬಹುದಿತ್ತು. ಆದರೆ ಅವರನ್ನು "ದೇವರಂಥವರು" ಎಂದು ಸುನಿತಾ ಹೊಗಳಿದಾಗ ಅವರು ಮುಖ ಸಿಂಡರಿಸಿದರು. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು:

"ಹಂಗ ಬರೀಬ್ಯಾಡ್ರಿ. ಈ ಓಣ್ಯಾಗ ನಾ ಮೊದಲ ಬಂದಿದ್ದು ಸೇವಾ ಮಾಡಾಕಲ್ಲ."

ತರುಣರಿದ್ದಾಗ ಅವರು ಅಮೀನಗಡದ ಕರದಂಟಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಬಿಕಾಂ ಮುಗಿಸಿ ಹುನಗುಂದದಲ್ಲಿ ಸಣ್ಣ ಆಫೀಸು ತೆರೆದರು. ಆಫೀಸು ನಡೆಯಲಿಲ್ಲ. ಹೊಟ್ಟೆಪಾಡಿಗೆ ವಿಮಾ ಏಜೆಂಟರಾದರು. ಇಪ್ಪತ್ತೊಂದು ವರ್ಷದ ಹಿಂದಿನ ಶ್ರಾವಣದಲ್ಲಿ ಇದೇ ಓಣಿಯಲ್ಲಿ ಒಂದೇ ತಿಂಗಳು ಇಪ್ಪತ್ಮೂರು ಪಾಲಿಸಿ ಮಾಡಿಸಿದರು. ಕಂಪನಿಯವರು ಕರೆದು ಶಾಲು ಹೊದಿಸಿ ಸೂಟ್‌ಕೇಸು ಬಹುಮಾನ ಕೊಟ್ಟರು. ಶ್ರಾವಣ ಒಳ್ಳೆಯ ಮಾಸ, ಹೊಸದನ್ನು ಶುರುಮಾಡಲು ಒಳ್ಳೆಯ ದಿನ ನೋಡಬೇಕು ಎಂದು ನೇಕಾರರೂ ಅಂದರು, ಇವರೂ ಅಂದರು. ಒಳ್ಳೆಯ ದಿನವೇ ಎಲ್ಲರ ಕುತ್ತಿಗೆಗೆ ಬಂತು. ಆ ದಿನ ಶುರುವಾದ ಪಾಲಿಸಿಯ ವಾರ್ಷಿಕ ಕಂತು ಪ್ರತಿ ವರ್ಷ ಶ್ರಾವಣದಲ್ಲೇ ಕಟ್ಟಬೇಕಾಗುತ್ತದೆ. ಮಳೆಗೆ ಕುಣಿಯಲ್ಲಿ ನೀರು ಒಸರಿ ನೂಲು ತೇವವಾಗಿ ನೇಯ್ಗೆ ಅರ್ಧಕ್ಕಿಳಿಯುವುದು ಆಗಲೇ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವುದು, ಉಂಡಿ ಕಟ್ಟುವುದು, ಸೀರೆ ಕುಪ್ಪಸ ಕೊಡುವುದು ಆಗಲೇ. ಕೈ ಬರಿದಾಗಿರುವ ತಿಂಗಳಿಗೇ ಕಂತು ಬಂದು ಕೂತಿತು. ಮೂರು ವರ್ಷ ತುಂಬುವುದರೊಳಗೆ ಇಪ್ಪತ್ಮೂರರಲ್ಲಿ ಹತ್ತೊಂಬತ್ತು ಪಾಲಿಸಿ ರದ್ದಾದವು. ಕಟ್ಟಿದ್ದೂ ಹೋಯಿತು.

"ಲೆಕ್ಕದವ ನಾ. ಶ್ರಾವಣದಾಗ ನೇಕಾರ ಮಂದಿ ಕೈಯಾಗ ರೊಕ್ಕ ಇರೂದಿಲ್ಲ ಅನ್ನೂದು ನನಗ ಹೊಳೀಬೇಕಿತ್ತು. ಹೊಳೀಲಿಲ್ಲ. ಸೂಟ್‌ಕೇಸ್ ಹೊಳೀತಿತ್ತು."

ಈಗ ಅವರು ಬರೆದುಕೊಡುವ ಯಾವ ಯೋಜನೆಯಲ್ಲೂ ಶ್ರಾವಣಕ್ಕೆ ಕಂತಿಲ್ಲ. ಮಗ್ಗಕ್ಕೆ ಏರಿಸಿದ ಉದ್ದೆಳೆಗಳ ಹಾಸು ನೇಯ್ದು ಮುಗಿದು ಸೀರೆಗಳು ಮಾಲಕರ ಕೈ ಸೇರಿ ಕೂಲಿ ಬಂದ ವಾರವೇ ಉಳಿತಾಯದ ವಾರ. ತಾರೀಖು ನೋಡಿ ಕಟ್ಟುವ ಪದ್ಧತಿಯನ್ನು ಬಿಡಿಸಿ, ಹಾಸು ನೋಡಿ ಕಟ್ಟುವ ಪದ್ಧತಿ ಹಾಕಿದ್ದಾರೆ. ಇದನ್ನು ಯಾವ ಪುಸ್ತಕದಲ್ಲೂ ಓದಿ ಕಲಿತದ್ದಲ್ಲ.

ರದ್ದಾದ ಹತ್ತೊಂಬತ್ತು ಮನೆಗಳಲ್ಲಿ ಹದಿನೆಂಟು ಮನೆಯವರು ಈ ನಾಲ್ಕು ವರ್ಷಗಳಲ್ಲಿ ಕಟ್ಟೆಗೆ ಬಂದಿದ್ದಾರೆ. ಬಾರದಿರುವುದು ಒಂದೇ ಮನೆ. ಕಟ್ಟೆಯ ಎದುರಿಗೇ ಇದೆ, ನೀಲಿ ಬಣ್ಣದ ಬಾಗಿಲು. ಅದು ಬಾಳವ್ವನ ಮನೆ.

ಬಾಳವ್ವನಿಗೆ ಐವತ್ತೇಳು. ಇಳಕಲ್ ಸೀರೆಯ ಸೆರಗಿನ ರೇಷ್ಮೆ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವ ಕೆಲಸದಲ್ಲಿ ಓಣಿಗೆಲ್ಲ ಅವಳದೇ ಕೈ ಮೇಲು. ಗಂಡ ಗೋವಿಂದಪ್ಪ ಹದಿನಾರು ವರ್ಷದ ಹಿಂದೆ ತೀರಿಕೊಂಡಾಗ ಅವಳು ಪಾಲಿಸಿಯ ಕಾಗದ ಹಿಡಿದು ಬಸ್ಸು ಹತ್ತಿ ಹುನಗುಂದಕ್ಕೆ ಹೋಗಿದ್ದಳು. ಅಮಾತೆಪ್ಪ ಚಹಾ ಕುಡಿಯುತ್ತಿದ್ದರು. ಎರಡೇ ಕಂತು ಕಟ್ಟಿದ್ದು, ಏನೂ ಬರುವುದಿಲ್ಲ ಎಂದು ಹೇಳಿ ಕಾಗದ ಮರಳಿಸಿದರು. "ಕೂಡ್ರು ಅಂತ ಸೈತ ಅನ್ನಲಿಲ್ರಿ ನಾ," ಎನ್ನುತ್ತಾರೆ. ಅಂದಿನಿಂದ ಬಾಳವ್ವ ಅವರೊಡನೆ ಮಾತಾಡಿಲ್ಲ. ಅಮಾವಾಸ್ಯೆಗಳಲ್ಲಿ ಬಾಗಿಲನ್ನು ಅರ್ಧ ಮುಚ್ಚಿಕೊಂಡು ಒಳಗಿರುತ್ತಾಳೆ.

ಇವತ್ತು ಆ ಬಾಗಿಲು ಅಮಾತೆಪ್ಪನವರನ್ನು ಕೂರಗೊಡುತ್ತಿಲ್ಲ. ಕಾರಣ ಸುನಿತಾ ತಂದ ಸುದ್ದಿ. ಬಾಳವ್ವನ ತವರುಮನೆ ಮಾರಾಟವಾಗಿ ಅಕ್ಕತಂಗಿಯರಿಬ್ಬರಿಗೂ ತಲಾ ಎರಡು ಲಕ್ಷ ನಲವತ್ತು ಸಾವಿರ ಬಂದಿದೆ. ತಿಮ್ಮಣ್ಣ ಎಂಬ ಒಬ್ಬ, ಯಾವುದೋ ಕಂಪನಿಯ ಹೆಸರು ಹೇಳಿಕೊಂಡು, ಮೂರು ವರ್ಷದಲ್ಲಿ ಡಬಲ್ ಮಾಡಿಕೊಡುತ್ತೇನೆಂದು ಬಾಳವ್ವನ ಬೆನ್ನು ಹತ್ತಿದ್ದಾನೆ. ಕಣ್ಣು ಮಂಜಾಗುತ್ತಿರುವ ಆಕೆಗೆ ಇನ್ನೆರಡು ಮೂರು ವರ್ಷ ಮಗ್ಗದಲ್ಲಿ ಕೂರುವುದೂ ಕಷ್ಟ. ಒಬ್ಬಳೇ ಮಗಳು ಮದುವೆಯಾಗಿ ಹೋಗಿದ್ದಾಳೆ, ಆ ರೊಕ್ಕ ಹೋದರೆ ಮುದಿತನಕ್ಕೆ ಬೇರೆ ಆಧಾರವಿಲ್ಲ. ಅಮಾವಾಸ್ಯೆಯ ದಿನ ಮನೆಯಿಂದ ಲಕ್ಷ್ಮಿ ಹೊರಗೆ ಹೋಗಬಾರದು, ಮರುದಿನ ಪಾಡ್ಯಕ್ಕೆ ಬಂದು ಒಯ್ಯಿ ಎಂದು ಆಕೆ ತಿಮ್ಮಣ್ಣನಿಗೆ ಹೇಳಿ ಕಳಿಸಿದ್ದಾಳೆ. ಎಂದರೆ ಉಳಿದಿರುವುದು ಇದೊಂದೇ ದಿನ.

"ಹೋಗಿ ಹೇಳಬಾರದೇ?" ಎಂದೆ. ಬಾಗಿಲು ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು.

"ಕರೀದ ಮನಿಗೆ ಹೋಗಬಾರದ್ರಿ. ಸಂಘದ್ದು ಬ್ಯಾರೆ ಇರಲಿ. ಒಮ್ಮೆ ಕರೀದ ಹೋಗೇ ಅಕಿ ಮನಿಗೆ ಪಾಲಿಸಿ ಹಚ್ಚಿದ್ದು ನಾ. ಈಗ ಮತ್ತ ಹೋಗಿ 'ನನ್ನ ಮಾತು ಕೇಳು' ಅಂದ್ರ, ಆ ತಿಮ್ಮಣ್ಣಗೂ ನನಗೂ ಏನ್ ಫರಕ್ ಉಳೀತು?"

ಹನ್ನೆರಡಾಯಿತು. ಮಗ್ಗದ ಪೂಜೆ ಮುಗಿದು ಓಣಿಯಲ್ಲಿ ಊದಿನಕಡ್ಡಿಯ ವಾಸನೆ. ಬುತ್ತಿ ಬಿಚ್ಚಿದೆವು. ಅಮಾತೆಪ್ಪ ಒಂದು ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡು ಕೂತಿದ್ದರು. ಒಂದಾಯಿತು. ನನಗಂತೂ ನಾನೇ ಹೋಗಿ ಆ ಬಾಗಿಲು ಬಡಿಯಬೇಕೆನ್ನಿಸಿತ್ತು, ಸುಳ್ಳೇಕೆ ಹೇಳಲಿ. ಎರಡರ ಸುಮಾರಿಗೆ ಬಾಗಿಲು ಪೂರ್ತಿ ತೆರೆಯಿತು. ಬಾಳವ್ವ ಹೊಸ್ತಿಲಲ್ಲಿ ನಿಂತು ಸುನಿತಾಳನ್ನು ಕೂಗಿದಳು.

"ಸುನಿತಾ, ಆ ಹುನಗುಂದದ ಸಾಹೇಬ್ರಿಗೆ ಹೇಳು. ಒಂದು ಮಾತು ಕೇಳೂದೈತಿ."

ಅಮಾತೆಪ್ಪ ಚಪ್ಪಲಿ ಮೆಟ್ಟುವುದನ್ನೂ ಮರೆತು ಹೋದರು. ನಾನೂ ಸುನಿತಾಳೂ ಹಿಂದೆ. ಗೋಡೆಯ ಮೇಲೆ ಗೋವಿಂದಪ್ಪನ ಫೋಟೋ, ಅದಕ್ಕೆ ಆಗತಾನೆ ಏರಿಸಿದ ಹೂವು. ಬಾಳವ್ವ ಕೂಡ್ರಿ ಎನ್ನಲಿಲ್ಲ. ನಿಂತೇ ಕೇಳಿದಳು.

"ನನ್ನ ಗಂಡಗ ಪಾಲಿಸಿ ಮಾಡಿಸಿದ್ರಲ್ಲ. ಅದರಾಗ ನಿಮಗೆಷ್ಟು ಬಂತು?"

ನಾನು ಅಮಾತೆಪ್ಪನವರ ಮುಖ ನೋಡಿದೆ. ಅವರು ನೆಲ ನೋಡಲಿಲ್ಲ, ಅವಳನ್ನೇ ನೋಡುತ್ತ ಹೇಳಿದರು.

"ಮೊದಲನೇ ವರ್ಷ ಎರಡು ಸಾವಿರದ ನಾನೂರು ಕಟ್ಟಿದ್ರಿ. ಅದರಾಗ ನನಗ ಆರನೂರು ಬಂತ್ರಿ ಬಾಳವ್ವಾರ. ಎರಡನೇ ವರ್ಷ ನೂರಾ ಎಂಬತ್ತು. ಒಟ್ಟು ಏಳನೂರಾ ಎಂಬತ್ತು ರೂಪಾಯಿ."

"ನಮಗ?"

"ನಿಮಗ ಏನೂ ಬರಲಿಲ್ರಿ. ತಪ್ಪು ನಂದು."

ಬಾಳವ್ವ ಗಂಡನ ಫೋಟೋ ಕಡೆ ಒಮ್ಮೆ ನೋಡಿದಳು. ಆಮೇಲೆ, "ಈಗ ಈ ಕಟ್ಟಿ ಮ್ಯಾಲ ಕೂಡ್ತೀರಲ್ಲ, ಇದರಾಗ ಎಷ್ಟು ಬರ್ತೈತಿ?" ಎಂದಳು.

"ಏನೂ ಇಲ್ರಿ."

"ಖರೇನ?"

"ಖರೇ ರೀ. ಇವರು ಪೇಪರಿನವರು ಅದಾರ, ಅವರ ಮುಂದ ಹೇಳಾಕತ್ತೇನಿ. ಇನ್ನೊಂದು ಮಾತ ಹೇಳ್ತೇನಿ, ಕೇಳಿದ್ರ ಕೇಳ್ರಿ, ಇಲ್ಲಾಂದ್ರ ಬಿಡ್ರಿ. ಈಗ ನೀವು ನನಗ ಏನ್ ಕೇಳಿದ್ರಿ, ಆವತ್ತ ಕೇಳಿದ್ದರ ನಾ ಬೆವತು ಎದ್ದು ಹೋಗ್ತಿದ್ದೆ. ಇದನ್ನ ತಿಮ್ಮಣ್ಣಗೂ ಕೇಳ್ರಿ. ಇಷ್ಟ."

ಬಾಳವ್ವ ಕಣ್ಣು ಕಿರಿದು ಮಾಡಿ ಅವರನ್ನು ಅಳೆದಳು. ಸುನಿತಾಳ ಕೈಗೆ ಫೋನು ಕೊಟ್ಟು ನಂಬರು ಒತ್ತಿಸಿದಳು, ಸ್ಪೀಕರ್ ಹಾಕಿಸಿದಳು.

"ತಿಮ್ಮಣ್ಣ, ನಾ ಬಾಳವ್ವ. ನಾಳಿ ನಾ ರೊಕ್ಕಾ ಕೊಟ್ಟರ ಅದರಾಗ ನಿನಗೆಷ್ಟು ಬರ್ತೈತೋ?"

ಆ ಕಡೆಯಿಂದ ತಿಮ್ಮಣ್ಣ ಅಂದ: "ಅದು ನಿನಗ್ಯಾಕ ಬೇಕವಾ? ನಿಂದು ಡಬಲ್ ಆಗ್ತೈತಿಲ್ಲೋ?"

"ನಂದು ಡಬಲ್ ಆಗೂದು ಮೂರು ವರ್ಷಕ್ಕ. ನಿಂದು ಯಾವಾಗ?"

"ನಾಳಿ ಬರ್ತೇನಿ, ಕುಂತು ಮಾತಾಡೂಣು."

"ಬಾ. ಬರುವಾಗ ಕಂಪನಿ ಹೆಸರು, ನಿನ್ನ ಕಮಿಷನ್, ಎರಡೂ ಕಾಗದದ ಮ್ಯಾಲ ಬರದು ಸಹಿ ಹಾಕಿ ತಾ."

"ಹಂಗೆಲ್ಲಾ ಬರದ ಕೊಡಾಕ ಆಗೂದಿಲ್ಲವಾ," ಎಂದ ತಿಮ್ಮಣ್ಣ. ಫೋನು ಕಟ್ಟಾಯಿತು. ಸುನಿತಾ ಕಿಸಕ್ಕನೆ ನಕ್ಕಳು. ಬಾಳವ್ವ ನಗಲಿಲ್ಲ.

ಆಮೇಲೆ ಅರ್ಧ ತಾಸು ಅಮಾತೆಪ್ಪ ಬಾಗಿಲ ಬಳಿ ನಿಂತೇ ಹೇಳಿದರು, ಆಕೆ ನಿಂತೇ ಕೇಳಿದಳು. ಮೊದಲು ಕಣ್ಣು ತೋರಿಸಬೇಕು. ಅದಕ್ಕೂ ಆಪತ್ತಿಗೂ ಐವತ್ತು ಸಾವಿರ ಕೈಗೆಟುಕುವಂತೆ ಉಳಿತಾಯ ಖಾತೆಯಲ್ಲಿರಲಿ. ಮಿಕ್ಕಿದ್ದನ್ನು ಅಂಚೆ ಕಚೇರಿಯಲ್ಲಿ ತಿಂಗಳು ತಿಂಗಳು ಬಡ್ಡಿ ಬರುವ ಠೇವಣಿಯಲ್ಲಿಟ್ಟರೆ ಡಬಲ್ ಆಗುವುದಿಲ್ಲ, ಆದರೆ ಎಲ್ಲಿಗೂ ಹೋಗುವುದಿಲ್ಲ. ನಾಮಿನಿ ಹೆಸರು ಬರೆಸುವುದನ್ನು ಮರೆಯಬಾರದು. ಎಲ್ಲವನ್ನೂ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟರು, ಅವಳ ಕಣ್ಣಿಗೆ ಕಾಣುವಂತೆ. ಬಾಳವ್ವ ಹಾಳೆ ತೆಗೆದುಕೊಂಡಳು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. "ಆತು, ಹೋಗ್ರಿನ್ನ," ಎಂದಳು. ಚಹಾ ಕೇಳಲಿಲ್ಲ. ಈ ಸೀಮೆಯಲ್ಲಿ ಮನೆ ಬಾಗಿಲಿಗೆ ಬಂದವರಿಗೆ ಚಹಾ ಕೇಳದೆ ಕಳಿಸುವುದೆಂದರೆ ಏನೆಂದು ಅಮಾತೆಪ್ಪನವರಿಗೂ ಗೊತ್ತು, ನನಗೂ ಗೊತ್ತು. ಸಂಜೆ ಅವರು ನೋಟ್‌ಬುಕ್ಕು ಚೀಲಕ್ಕೆ ಹಾಕಿಕೊಂಡು ಮೊಪೆಡ್ ಏರಿದರು.

ಮರುದಿನ ಪಾಡ್ಯ. ಬಾಗಲಕೋಟೆಯಲ್ಲಿ ಕೂತು ಈ ಲೇಖನ ಬರೆಯುತ್ತಿದ್ದರೂ ನನ್ನ ಮನಸ್ಸೆಲ್ಲ ಆ ನೀಲಿ ಬಾಗಿಲಲ್ಲಿತ್ತು. ತಡೆಯಲಾರದೆ ನಾಲ್ಕು ಗಂಟೆಗೆ ಫೋನು ಮಾಡಿದೆ. ಅಮಾತೆಪ್ಪ ಆಫೀಸಿನಲ್ಲಿದ್ದರು.

"ಹಾಕ್ಯಾಳ್ರೀ!" ಎಂದರು, ನಾನು ಕೇಳುವ ಮೊದಲೇ. "ಸುನಿತಾನ ಕರಕೊಂಡು ಮುಂಜಾನೆ ಪೋಸ್ಟಿಗೆ ಹೋಗ್ಯಾಳ. ತಿಮ್ಮಣ್ಣ ಬರಲೇ ಇಲ್ಲಂತ."

"ನೀವು ಬರೆದುಕೊಟ್ಟ ಹಾಗೇ ಮಾಡಿದರೇ?"

"ಎಲ್ಲಿದು! ನಾ ಹೇಳಿದ್ದಕ್ಕಿಂತ ಛಲೋ ಮಾಡ್ಯಾಳ. ಕಣ್ಣಿನ ಆಪರೇಷನ್ ಸರ್ಕಾರಿ ದವಾಖಾನ್ಯಾಗ ಪುಕ್ಕಟ ಆಗ್ತೈತಿ ಅಂತ ಮೊದಲ ಹೋಗಿ ಕೇಳ್ಯಾಳ. ಅದಕ್ಕ ಐವತ್ತರ ಬದಲಿ ಮೂವತ್ತ ಕೈಯಾಗ ಇಟ್ಟಾಳ, ಎರಡು ಲಕ್ಷ ಹತ್ತು ಸಾವಿರ ಠೇವಣಿ. ಮಗ್ಗ ಬಿಡೂ ತನಕ ಬಡ್ಡಿ ಮುಟ್ಟೂದಿಲ್ಲಂತ. ನಾಮಿನಿ ಮಗಳ ಹೆಸರಿಲೆ. ನನಗ ಒಂದು ಫೋನ್ ಸೈತ ಮಾಡಿಲ್ಲ ನೋಡ್ರಿ."

"ಬೇಸರವಾಯಿತೇ?"

"ಯಾಕ್ರಿ? ನನ್ನ ಕೇಳದ ಮಾಡ್ಯಾಳಲ್ಲ, ಅದ ಖುಷಿ. ಇನ್ನ ಯಾರೂ ಅಕಿಗೆ ಹಂಗ ಮೋಸ ಮಾಡಾಕ ಆಗೂದಿಲ್ಲ."

ಅವರು ಫೋನು ಇಡಲಿಲ್ಲ. ಹಿಂದೆ ಯಾರೋ ಗಿರಾಕಿ ರಿಟರ್ನಿನ ಬಗ್ಗೆ ಕೇಳುತ್ತಿದ್ದದ್ದು ಕೇಳಿಸಿತು. ಅಮಾತೆಪ್ಪ ಅವನಿಗೆ ತಡೆಯಲು ಹೇಳಿದರು.

"ಸುನಿತಾನ ಕಡೆ ಒಂದು ಮಾತ ಹೇಳಿ ಕಳಿಸ್ಯಾಳ್ರಿ. ಅಕಿ ತಂಗಿ ತುಳಸಿಗೇರ್ಯಾಗ ಇರ್ತಾಳ, ಅಕಿ ಕೈಯಾಗೂ ಅಷ್ಟ ರೊಕ್ಕ ಐತಿ. ಬರೂ ಅಮಾವಾಸ್ಯಿಗೆ ಸಾಹೇಬ್ರು ಕಟ್ಟಿ ಮ್ಯಾಲ ಇರ್ತಾರೇನು ಅಂತ ಕೇಳ್ಯಾಳ." ಗಿರಾಕಿಗೆ ಮತ್ತೊಮ್ಮೆ ತಡೆಯಲು ಹೇಳಿದರು. "ನನಗ ಕ್ಷಮಾ ಮಾಡ್ಯಾಳ ಅಂತ ನಾ ಅನ್ನೂದಿಲ್ರಿ. ಖರೆ, ತಂಗೀನ್ನ ಕಳಿಸ್ತಾಳ ನೋಡ್ರಿ."